ಮಾರುವುದಿದ್ದರೆ ಮಳೆಗಾಲ ಕಳೆದ ಮೇಲೆ ಮಾರು

ಮಾಣಿ,

ಅಜ್ಜನ ತಗಡಿನ ಡಬ್ಬಿಯಲ್ಲಿರುವ ಚಾಕುಗಳನ್ನೆಲ್ಲ ಮೊಬೈಲಿನಲ್ಲಿ ಫೋಟೋ ಹೊಡೆದು ಮಾರಾಟಕ್ಕೆ ಇಡುತ್ತೀಯಂತೆ. ನಿನ್ನ ಆಯಿ ಹೇಳಿದಳು. ಬಂದ ದುಡ್ಡಿಗೆ ಇನ್ನಷ್ಟು ಸೇರಿಸಿ ಜರ್ಮನಿಯ ಕಸಿ ಚಾಕು ತರಿಸುವ ಆಲೋಚನೆಯಂತೆ. ನರ್ಸರಿ ಶುರುಮಾಡಿದವನಿಗೆ ಒಳ್ಳೆಯ ಚಾಕು ಬೇಕು, ಅದರಲ್ಲಿ ಎರಡು ಮಾತಿಲ್ಲ. ಧಾರಾಳವಾಗಿ ತರಿಸು. ಆದರೆ ಡಬ್ಬಿಗೆ ಮಾತ್ರ ಅವಸರದಲ್ಲಿ ಕೈ ಹಾಕಬೇಡ. ಯಾಕೆ ಎಂದು ಹೇಳಲು ಸ್ವಲ್ಪ ಉದ್ದಕ್ಕೇ ಬರೆಯಬೇಕಾಗುತ್ತದೆ. ಫೋನಿನಲ್ಲಿ ಹೇಳಿದರೆ ನೀನು ‘ಹೂಂ ಸಣ್ಣಜ್ಜ, ಹೂಂ ಸಣ್ಣಜ್ಜ’ ಎಂದು ಇಟ್ಟುಬಿಡುತ್ತೀಯ.

ನಿನ್ನ ಅಜ್ಜ, ಅಂದರೆ ನನ್ನ ಅಣ್ಣ, ಜೀವಮಾನದಲ್ಲಿ ಕಳೆದುಕೊಂಡ ಚಾಕುಗಳಿಗೆ ಲೆಕ್ಕವಿಲ್ಲ. ಕೆಲವು ತೋಟದ ದರಕಿನಲ್ಲಿ ಹೋದವು. ಒಂದು ಶಿರಸಿ ಬಸ್ಸಿನ ಸೀಟಿನ ಸಂದಿಯಲ್ಲಿ ಹೋಯಿತು. ಇನ್ನೊಂದು ಹುಲ್ಲಿನ ಹೊರೆಯ ಜತೆ ಕೊಟ್ಟಿಗೆ ಸೇರಿ, ಗೊಬ್ಬರದ ಜತೆ ತೋಟಕ್ಕೇ ವಾಪಸಾಗಿ, ಎಷ್ಟೋ ಕಾಲದ ಮೇಲೆ ಗುದ್ದಲಿಯ ಬಾಯಿಗೆ ಸಿಕ್ಕಿತು. ಹಿಡಿಯನ್ನು ಒರಲೆ ತಿಂದು ಮುಗಿಸಿತ್ತು, ಆಣಿ ಮಾತ್ರ ಉಳಿದಿತ್ತು. ಅಘನಾಶಿನಿಯಲ್ಲಿ ಕೈಕಾಲು ತೊಳೆಯಲು ಬಗ್ಗಿದಾಗ ಅಂಗಿಯ ಜೇಬಿನಿಂದ ಜಾರಿ ಮಡುವಿಗೆ ಬಿದ್ದದ್ದು ಮತ್ತೊಂದು. ಇವನ್ನೆಲ್ಲ ಅಣ್ಣ ಕವಳ ಹಾಕುತ್ತಾ ನಗುನಗುತ್ತ ಹೇಳುತ್ತಿದ್ದ. ಹೊಸಬರು ಯಾರು ಮನೆಗೆ ಬಂದರೂ ಆ ಮಡುವಿನ ಚಾಕುವಿನ ಕಥೆ ಒಮ್ಮೆ ಆಗಲೇಬೇಕು. ಪ್ರತಿ ಸಲವೂ ಮಡು ಇನ್ನಷ್ಟು ಆಳವಾಗುತ್ತಿತ್ತು.

ಅವನು ಮಾರಿದ್ದು ಒಂದೇ ಒಂದು. ನಮ್ಮ ಅಪ್ಪನಿಂದ ಬಂದ ಚಾಕು. ಎರಡು ಅಲಗು, ಎಲುಬಿನ ಹಿಡಿ, ದೊಡ್ಡ ಅಲಗಿನ ಬುಡದಲ್ಲಿ ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆಯ ಗುರುತು. ಇಂಗ್ಲೆಂಡಿನ ಶೆಫೀಲ್ಡ್ ಊರಿನ ಜೋಸೆಫ್ ರಾಜರ್ಸ್ ಎಂಬ ಹಳೆಯ ಕಂಪನಿಯ ಮುದ್ರೆ ಅದು. ಬ್ರಿಟಿಷರ ಕಾಲದಲ್ಲಿ ಅವರ ಚಾಕು, ಕತ್ತರಿ, ಕ್ಷೌರದ ಕತ್ತಿಗಳು ನಮ್ಮ ದೇಶಕ್ಕೂ ಬರುತ್ತಿದ್ದವು. ಮಾರಿಕಾಂಬಾ ಜಾತ್ರೆಯಲ್ಲಿ ಒಬ್ಬ ವ್ಯಾಪಾರಿ ಅದನ್ನು ನೋಡಿ ಕಣ್ಣರಳಿಸಿದ. ಅಣ್ಣನಿಗೆ ಆಗ ಟ್ರಾನ್ಸಿಸ್ಟರ್ ರೇಡಿಯೋದ ಹುಚ್ಚು. ವ್ಯವಹಾರ ಜಾತ್ರೆಯ ಗದ್ದಲದಲ್ಲೇ ಮುಗಿಯಿತು. ಅವನ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ರೇಡಿಯೋ ಮನೆಗೆ ಬಂದಾಗ ಎಲ್ಲರಿಗಿಂತ ಹೆಚ್ಚು ಕುಣಿದವನು ನಾನೇ.

ಗಮನಿಸಬೇಕಾದದ್ದು ಮುಂದೆ ಆದದ್ದನ್ನು. ಆ ಚಾಕುವಿನ ಬಗ್ಗೆ ಅಣ್ಣ ಕಥೆ ಹೇಳಿದ್ದೇ ಇಲ್ಲ. ರೇಡಿಯೋ ಕೆಟ್ಟು ಅಟ್ಟ ಸೇರಿತು. ವರ್ಷಗಳ ಮೇಲೆ ಬೆಂಗಳೂರಿನ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಅದೇ ಮುದ್ರೆಯ, ಅದೇ ಎಲುಬಿನ ಹಿಡಿಯ ಚಾಕು ಕಣ್ಣಿಗೆ ಬಿತ್ತು. ದುಡ್ಡು ಕಿಸೆಯಲ್ಲಿತ್ತು. ಅಣ್ಣ ತೆರೆದ, ಉಗುರಿನ ಮೇಲೆ ಅಲಗು ಒತ್ತಿ ನೋಡಿದ, ಮಡಚಿ ಕೊಟ್ಟುಬಿಟ್ಟ. ‘ಇದು ಬೇರೆ’ ಅಂದ. ಕಳೆದುಕೊಂಡದ್ದರ ಪಾಲಿಗೆ ದೇವರಿದ್ದಾನೆ, ಅದೃಷ್ಟವಿದೆ, ಹರಿದ ಜೇಬು ಇದೆ. ಮಾರಿದ್ದಕ್ಕೆ ಹೊಣೆ ಹೊರಲು ಇನ್ನೊಬ್ಬರು ಸಿಗುವುದಿಲ್ಲ ಮಾಣಿ. ವ್ಯಾಪಾರಿಗೂ ಮೋಸದ ಹೆಸರು ಹಚ್ಚುವಂತಿರಲಿಲ್ಲ, ಅವನು ಕೇಳಿದ ಬೆಲೆ ಕೊಟ್ಟಿದ್ದ.

‘ಇದು ಬೇರೆ’ ಎಂದದ್ದು ಬರೀ ಭಾವುಕತೆ ಎಂದು ನೀನು ತಿಳಿಯಬಾರದು. ಅದರಲ್ಲಿ ಕೆಲಸದ ಲೆಕ್ಕವಿದೆ, ನಿನಗೆ ಈಗ ಬೇಕಾದ ಲೆಕ್ಕವೇ.

ಪೇಟೆಯಲ್ಲಿ ಸಿಗುವ ಮಾಮೂಲು ಮಡಚು ಚಾಕುವಿಗೆ ಎರಡೂ ಮಗ್ಗುಲು ಇಳಿಜಾರಾಗಿ ಮಸೆದಿರುತ್ತಾರೆ. ಹಣ್ಣು ಕೊಯ್ಯಲು, ಹಗ್ಗ ಕತ್ತರಿಸಲು ಅದು ಸರಿ. ಕಸಿಗೆ ಸರಿಯಲ್ಲ. ಕಸಿ ಚಾಕುವನ್ನು ಒಂದೇ ಮಗ್ಗುಲು ಮಸೆಯುತ್ತಾರೆ, ಇನ್ನೊಂದು ಮಗ್ಗುಲು ಚಪ್ಪಟೆ. ಚಪ್ಪಟೆ ಮಗ್ಗುಲು ಕಡ್ಡಿಗೆ ಒರಗಿಕೊಂಡು ಸಾಗುವುದರಿಂದ ಕೊಯ್ದ ಜಾಗ ಏರುತಗ್ಗಿಲ್ಲದೆ ನುಣ್ಣಗೆ ಬರುತ್ತದೆ. ಮಾವಿನ ಮೃದುಕಾಂಡ ಕಸಿಯಲ್ಲಿ ಕುಡಿಯ ಬುಡವನ್ನು ನಾಲ್ಕೈದು ಸೆಂಟಿಮೀಟರ್ ಉದ್ದದ ಬೆಣೆಯಾಗಿ ಕೆತ್ತಿ, ಬೇರುಗಿಡದ ಸೀಳಿನಲ್ಲಿ ಕೂರಿಸುತ್ತೀಯಲ್ಲ, ಅಲ್ಲಿ ತೊಗಟೆಯ ಕೆಳಗಿನ ತೆಳು ಹಸಿ ಪದರ ಎರಡೂ ಕಡೆ ಒಂದಕ್ಕೊಂದು ಮುಟ್ಟಬೇಕು. ಮುಟ್ಟಿದ್ದರೆ ಎರಡು ಮೂರು ವಾರದಲ್ಲಿ ಚಿಗುರು. ಅಲಗು ತಡವರಿಸಿ ಮೇಲ್ಮೈ ಅಲೆಯಲೆಯಾಗಿದ್ದರೆ ಮಧ್ಯೆ ಗಾಳಿ ಉಳಿಯುತ್ತದೆ, ಕುಡಿ ಕಪ್ಪಾಗುತ್ತದೆ. ಪ್ಲಾಸ್ಟಿಕ್ ಪಟ್ಟಿ ಎಷ್ಟು ಬಿಗಿದರೂ ಅದನ್ನು ಸರಿಪಡಿಸಲು ಬರುವುದಿಲ್ಲ.

ನಮ್ಮ ಅಪ್ಪ ಆ ಶೆಫೀಲ್ಡ್ ಚಾಕುವಿನ ಚಿಕ್ಕ ಅಲಗನ್ನು ಒಂದೇ ಮಗ್ಗುಲು ಮಸೆಯುತ್ತ ಮಸೆಯುತ್ತ ಕಸಿ ಚಾಕುವನ್ನಾಗಿ ಮಾಡಿಕೊಂಡಿದ್ದ. ಆಗಿನ ಸಾಮೀಪ್ಯ ಕಸಿ ಅಂದರೆ ಮರದ ಕೊಂಬೆಯ ಹತ್ತಿರ ಅಟ್ಟಣಿಗೆ ಕಟ್ಟಿ, ಕುಂಡದ ಸಸಿಯನ್ನು ಮೇಲೇರಿಸಿ, ಎರಡರ ಮೈ ಸ್ವಲ್ಪ ಸ್ವಲ್ಪ ಕೆತ್ತಿ ಜೋಡಿಸಿ ಕಟ್ಟುವ ಕೆಲಸ. ಅಟ್ಟಣಿಗೆಯ ಮೇಲೆ ಒಂದು ಕಾಲು ಊರಿಕೊಂಡು ಕೆತ್ತುವವನಿಗೆ ಅಲಗು ತಾನಾಗಿಯೇ ದಾರಿ ಹಿಡಿಯಬೇಕಿತ್ತು. ಅಂಗಡಿಯಲ್ಲಿ ಸಿಕ್ಕ ಚಾಕುವಿನಲ್ಲಿ ಮುದ್ರೆ ಇತ್ತು, ಎಲುಬಿತ್ತು, ಅಪ್ಪನ ಮಸೆತ ಇರಲಿಲ್ಲ.

ಈಗ ನಿನ್ನ ಡಬ್ಬಿಯ ವಿಷಯಕ್ಕೆ ಬರುತ್ತೇನೆ. ಅದರಲ್ಲಿ ಕಪ್ಪು ಮರದ ಹಿಡಿಯ, ನೋಡಿದರೆ ಯಾರೂ ಕೈಯಲ್ಲಿ ಹಿಡಿಯಲಿಕ್ಕಿಲ್ಲ ಎನ್ನುವಂಥ ಒಂದು ಮಡಚು ಚಾಕು ಇದೆ. ಊರಿನ ಆಚಾರಿ ಲಾರಿಯ ಹಳೇ ಪಟ್ಟಿಯಿಂದ ಬಡಿದು ಮಾಡಿದ್ದು. ನಿನ್ನ ಫೋಟೋಗಳಲ್ಲಿ ಅದು ಎಲ್ಲದಕ್ಕಿಂತ ಕೊನೆಗೆ, ನೂರು ರೂಪಾಯಿಗೆ ಅಂತ ಇರುತ್ತದೆ, ನನಗೆ ಗೊತ್ತು. ಅದನ್ನು ತೆಗೆದು ಬೆಳಕಿಗೆ ಹಿಡಿ. ಯಾವ ಮಗ್ಗುಲು ಮಸೆದಿದೆ ನೋಡು. ಪೇಟೆಯ ಕಸಿ ಚಾಕುವಿಗೆ ಹೋಲಿಸಿದರೆ ಇದು ತಿರುಗುಮುರುಗು. ಅಣ್ಣ ಎಡಚ. ಒಂದೇ ಮಗ್ಗುಲು ಮಸೆದ ಚಾಕುವಿಗೆ ಎಡಗೈ ಬಲಗೈ ಎಂಬ ಭೇದ ಉಂಟು. ಬಲಗೈಯವನ ಚಾಕುವನ್ನು ಎಡಗೈಯಲ್ಲಿ ಹಿಡಿದರೆ ಅಲಗು ಕಡ್ಡಿಯೊಳಗೆ ಮುಳುಗುತ್ತ ಹೋಗುತ್ತದೆ ಅಥವಾ ಮೇಲೆದ್ದು ಜಾರುತ್ತದೆ. ಜಾರಿದರೆ ಹೆಬ್ಬೆರಳು. ಮನೆಯಲ್ಲಿ ಅಣ್ಣನ ಬಳಿಕ ಇನ್ನೊಬ್ಬ ಎಡಚ ಯಾರು ಎಂದು ನಾನು ಹೇಳಬೇಕೇ?

ಕೊಳ್ಳುವವನಿಗೆ ಅದು ಕೆಟ್ಟದಾಗಿ ಮಸೆದ ಚಾಕು. ಅವನು ತಂದ ದಿನವೇ ಗ್ರೈಂಡರಿಗೆ ಹಿಡಿದು ‘ಸರಿ’ ಮಾಡುತ್ತಾನೆ. ನಲವತ್ತು ವರ್ಷ ಕಲ್ಲಿನ ಮೇಲೆ ನಡೆದ ಕೆಲಸ ಎರಡು ನಿಮಿಷದಲ್ಲಿ ಕಿಡಿಯಾಗಿ ಹಾರಿಹೋಗುತ್ತದೆ. ನೀನು ತರಿಸುವ ಜರ್ಮನಿಯ ಚಾಕು, ರಾಯ್ಟ್‌ಲಿಂಗನ್ ಊರಿನಲ್ಲಿ 1854ರಿಂದ ಚಾಕು ಮಾಡುತ್ತಿರುವ ಟೀನಾ ಕಂಪನಿಯದು ತಾನೆ? ಅವರು ಎಡಗೈಯವರಿಗೆಂದೇ ಬೇರೆ ಮಾಡುತ್ತಾರೆ. ಆರ್ಡರ್ ಹಾಕುವಾಗ ಅದನ್ನು ನೋಡಿಕೋ. ಬಲಗೈಯದು ಬಂದರೆ ದುಬಾರಿ ಚಾಕು ತರಿಸಿ ದೂರುವ ಪಾಳಿ ನಿನ್ನದಾಗುತ್ತದೆ.

ಡಬ್ಬಿಯ ಉಳಿದವುಗಳ ಮಾತು. ಕಪ್ಪಾದ ಅಲಗುಗಳನ್ನು ಉಜ್ಜಿ ಬೆಳ್ಳಗೆ ಮಾಡಿ ಫೋಟೋ ಹಿಡಿಯಬೇಡ. ಅಡಿಕೆಯ ಒಗರು, ಮಾವಿನ ಸೊನೆಯ ಹುಳಿ ತಾಗಿದರೆ ಸಾದಾ ಉಕ್ಕು ಕಪ್ಪಾಗುತ್ತದೆ. ಅದು ತುಕ್ಕಲ್ಲ. ತುಕ್ಕು ಕೆಂಪಗೆ, ಪುಡಿಪುಡಿಯಾಗಿ ಕೈಗೆ ಹತ್ತುತ್ತದೆ. ಕಪ್ಪು ನುಣ್ಣಗೆ ಕೂತಿರುತ್ತದೆ ಮತ್ತು ಒಂದು ಮಟ್ಟಿಗೆ ತುಕ್ಕನ್ನು ತಡೆಯುತ್ತದೆ. ಮರಳುಕಾಗದ ಹಿಡಿದು ಅದನ್ನು ಕೆರೆದು ತೆಗೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಳೇ ಚಾಕು ಕೊಳ್ಳುವ ಶೋಕಿಯವರಿಗೂ ಬರುತ್ತದೆ. ಹೊಳಪು ಕೊಟ್ಟ ಚಾಕುವಿಗೆ ಅವರು ಬೆಲೆ ಇಳಿಸುತ್ತಾರೆ. ಗ್ರೈಂಡರು ಇನ್ನೂ ಕೆಟ್ಟದ್ದು. ಅಂಚು ಕಾದು ನೀಲಿ ಬಣ್ಣಕ್ಕೆ ತಿರುಗಿತೋ, ಉಕ್ಕಿನ ಹದ ಹೋಯಿತು. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಒಂದು ಹನಿ ಎಣ್ಣೆ ಆಣಿಗೆ, ಒಂದು ಹನಿ ಅಲಗಿಗೆ. ಅಷ್ಟು ಸಾಕು.

ಕಡವೆ ಕೊಂಬಿನ ಹಿಡಿಯದು ಒಂದಿದೆ. ಅದರ ಫೋಟೋವನ್ನಂತೂ ಎಲ್ಲಿಯೂ ಹಾಕಬೇಡ. ಹಾಕಿದ್ದರೆ ಈಗಲೇ ತೆಗೆ. ಒಂದು ಕಾಲದಲ್ಲಿ ನಮ್ಮ ಕಾಡಿನ ಕಡವೆ ಕೊಂಬು ಹಡಗು ಹತ್ತಿ ಶೆಫೀಲ್ಡಿಗೂ ಜರ್ಮನಿಯ ಜೋಲಿಂಗನ್ನಿಗೂ ಹೋಗಿ, ಅಲ್ಲಿಯ ಚಾಕುಗಳ ಹಿಡಿಯಾಗುತ್ತಿತ್ತು. ಈಗ ಆ ವ್ಯಾಪಾರಕ್ಕೆ ಬಾಗಿಲು ಮುಚ್ಚಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೊಂಬು, ಉಗುರು, ಚರ್ಮದ ವಸ್ತುಗಳನ್ನು ಮಾರಲು ಹೊರಟರೆ ಅಜ್ಜನ ಕಾಲದ್ದು ಎಂಬ ಮಾತು ರಕ್ಷಣೆಗೆ ಬರುವುದಿಲ್ಲ. 2023ರಲ್ಲಿ ಹುಲಿಯುಗುರಿನ ಲಾಕೆಟ್ಟಿನ ಪ್ರಕರಣ ಟೀವಿಯಲ್ಲಿ ಬಂದಾಗ ಊರೂರಿನಲ್ಲಿ ಜನ ಪೆಟ್ಟಿಗೆ ತೆಗೆದು ನೋಡಿಕೊಂಡದ್ದು ನೆನಪಿದೆಯಲ್ಲ. ಅದರ ವಿಚಾರವನ್ನು ಅರಣ್ಯ ಇಲಾಖೆಯಲ್ಲಿ ಕೇಳಿಯೇ ತೀರ್ಮಾನಿಸೋಣ. ನಾನೂ ಜತೆಗೆ ಬರುತ್ತೇನೆ.

ಮತ್ತೆ ಆ ರಾಂಪುರಿ. ತೆರೆಯುವಾಗ ಕಟಕಟ ಸದ್ದು ಮಾಡುತ್ತದಲ್ಲ, ಹಿತ್ತಾಳೆ ಹಿಡಿಯದು, ಸೈನ್ಯದಿಂದ ರಜೆಗೆ ಬಂದಿದ್ದ ನೆಂಟರೊಬ್ಬರು ಕೊಟ್ಟದ್ದು. ಉತ್ತರ ಪ್ರದೇಶದ ರಾಂಪುರಕ್ಕೆ ಆ ಚಾಕುವಿನಿಂದಲೇ ಹೆಸರು. ‘ವಕ್ತ್’ ಸಿನಿಮಾ 1965ರಲ್ಲಿ ಬಂದು, ರಾಜ್‌ಕುಮಾರ್ ಎಂಬ ಹಿಂದಿ ನಟ ಚಾಕು ಎದುರಿಗಿಟ್ಟುಕೊಂಡು ಒಂದು ಮಾತು ಆಡಿದ ಮೇಲೆ ಪಡ್ಡೆ ಹುಡುಗರಿಗೆಲ್ಲ ಚಾಕುವಿನ ಆಸೆ ಹತ್ತಿತು. 1990ರ ದಶಕದಲ್ಲಿ ಅಲ್ಲಿಯ ಸರಕಾರ ನಾಲ್ಕೂವರೆ ಇಂಚಿಗಿಂತ ಉದ್ದದ ಅಲಗನ್ನು ನಿಷೇಧಿಸಿದ ಮೇಲೆ ಕಸುಬು ಸೊರಗಿತು. ನಮ್ಮ ಮನೆಯ ರಾಂಪುರಿ ಒಂದು ಬಾಳೆಗೊನೆ ಕಡಿದದ್ದನ್ನೂ ನಾನು ಕಂಡಿಲ್ಲ. ಹಬ್ಬದಲ್ಲಿ ಹುಡುಗರನ್ನು ಬೆದರಿಸಲು ಹೊರಗೆ ಬರುತ್ತಿತ್ತು, ಅಷ್ಟೆ. ಅದು ಮನೆಯಿಂದ ಹೋದರೆ ನನ್ನ ತಕರಾರಿಲ್ಲ. ಆದರೆ ಯಾರಿಗೋ ಪಾರ್ಸೆಲ್ ಮಾಡುವ ಮೊದಲು ಪೊಲೀಸ್ ಠಾಣೆಯಲ್ಲಿ ಒಂದು ಮಾತು ಕೇಳು. ಹಳೆಯದು ಎಂದ ಮಾತ್ರಕ್ಕೆ ಎಲ್ಲವನ್ನೂ ಅಪ್ಪಿಕೊಂಡು ಕೂರಬೇಕೆಂದು ನಾನು ಹೇಳುವವನಲ್ಲ. ಅಪ್ಪಿಕೊಂಡು ಕೂತವರ ಮನೆಯ ಅಟ್ಟ ನೋಡಿದ್ದೇನೆ.

ಕಳೆದುಕೊಂಡ ಚಾಕುಗಳ ಮಾತಿಗೆ ಮರಳಿದರೆ, ನಿನ್ನ ಅಪ್ಪನ ಕೆಂಪು ಸ್ವಿಸ್ ಚಾಕುವಿನ ಕಥೆ ನಿನಗೆ ಗೊತ್ತಿರಬಹುದು. ಅವನು ಹೇಳಿರಲಾರ. ಹುಬ್ಬಳ್ಳಿಯಿಂದ ವಿಮಾನ ಹತ್ತುವಾಗ ಹೆಗಲ ಚೀಲದಲ್ಲಿ ಅದು ಉಳಿದುಬಿಟ್ಟಿತ್ತು. ತಪಾಸಣೆಯವರು ತೆಗೆದಿಟ್ಟರು. ಹೊತ್ತು ಮೀರಿತ್ತು, ಬಿಟ್ಟು ನಡೆದ. ಅದೇ ಚಾಕುವನ್ನು ಕೆಳಗಿನ ಲಗೇಜಿಗೆ ಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅಮೆರಿಕದಲ್ಲಿ ಹೀಗೆ ಬಿಟ್ಟುಹೋದ ಚಾಕುಗಳನ್ನು ಪೆನ್ಸಿಲ್ವೇನಿಯಾದಂಥ ರಾಜ್ಯಗಳ ಸರಕಾರ ರಾಶಿಗಟ್ಟಲೆ ಮಾರುತ್ತದೆ. ಯಾರ ಅಜ್ಜನದು, ಯಾರ ಮದುವೆಯ ಉಡುಗೊರೆ ಎಂಬ ವಿವರ ರಾಶಿಯಲ್ಲಿ ಎಲ್ಲಿ ಸಿಗಬೇಕು?

ಆ ಕೆಂಪು ಚಾಕು ಮಾಡುವ ಕಂಪನಿಗೂ ವಿಮಾನ ನಿಲ್ದಾಣ ಭಾರೀ ಏಟು ಕೊಟ್ಟಿದೆ. ಕಾರ್ಲ್ ಎಲ್ಸೆನರ್ ಎಂಬಾತ ಸ್ವಿಟ್ಜರ್‌ಲೆಂಡಿನ ಇಬಾಖ್ ಹಳ್ಳಿಯಲ್ಲಿ 1884ರಲ್ಲಿ ಕಾರ್ಖಾನೆ ತೆರೆದ. ಸೈನಿಕರಿಗೆಂದು ಚಾಕು ಮಾಡಿ, 1897ರಲ್ಲಿ ಅಧಿಕಾರಿಗಳ ಚಾಕು ಎಂಬ ಹಗುರ ಮಾದರಿಯನ್ನು ನೋಂದಾಯಿಸಿದ. 1909ರಲ್ಲಿ ತಾಯಿ ವಿಕ್ಟೋರಿಯಾ ತೀರಿಕೊಂಡಾಗ ಅವಳ ಹೆಸರನ್ನೇ ಕಂಪನಿಗೆ ಇಟ್ಟ. 1921ರಲ್ಲಿ ತುಕ್ಕು ಹಿಡಿಯದ ಉಕ್ಕು ಬಂದ ಮೇಲೆ ಅದರ ಹೆಸರೂ ಸೇರಿ ವಿಕ್ಟೋರಿನಾಕ್ಸ್ ಆಯಿತು. 2001ರ ಸೆಪ್ಟೆಂಬರಿನ ದಾಳಿಯ ನಂತರ ವಿಮಾನದೊಳಗೆ ಚಾಕು ಒಯ್ಯುವುದು ನಿಂತಿತು, ವಿಮಾನ ನಿಲ್ದಾಣದ ಅಂಗಡಿಗಳಲ್ಲಿ ಮಾರಾಟವೂ ನಿಂತಿತು. ವ್ಯಾಪಾರ ಮೂರನೇ ಒಂದು ಪಾಲಿನಷ್ಟು ಕುಸಿಯಿತು. ಆದರೂ ಅವರು ಕೆಲಸಗಾರರನ್ನು ಮನೆಗೆ ಕಳಿಸಲಿಲ್ಲ, ಕೆಲವರನ್ನು ಬೇರೆ ಕಂಪನಿಗಳಿಗೆ ಎರವಲು ಕೊಟ್ಟು ಆ ಕಾಲವನ್ನು ದಾಟಿದರು. ಹಾಗಾಗಿ ನಿನ್ನ ಅಪ್ಪನಿಗೆ ಹೊಸದೊಂದು ಬೇಕಾದರೆ ಇವತ್ತೂ ಸಿಗುತ್ತದೆ. ಸಿಗುವ ವಸ್ತುವಿಗಾಗಿ ಬಹಳ ಕೊರಗಬೇಡ ಎಂದು ಅವನಿಗೂ ಹೇಳಿದ್ದೇನೆ. ನೀನು ಮಾತ್ರ ಪ್ರಯಾಣದ ಹಿಂದಿನ ರಾತ್ರಿ ಚೀಲದ ಎಲ್ಲ ಜೇಬುಗಳನ್ನೂ ಮಗುಚಿ ನೋಡುವ ಅಭ್ಯಾಸ ಮಾಡಿಕೋ.

ಸಿಗದೆ ಹೋಗುವುದು ಅಂದರೆ ಏನು ಎಂಬುದನ್ನು ಜಪಾನಿನವರನ್ನು ಕೇಳಬೇಕು. ಅಲ್ಲಿ ‘ಹಿಗೊನೊಕಾಮಿ’ ಎಂಬ ಮಡಚು ಚಾಕು ಇತ್ತು. ಮಡಚಿದ ಹಿತ್ತಾಳೆ ತಗಡೇ ಹಿಡಿ, ಬೀಗವಿಲ್ಲ, ಸ್ಪ್ರಿಂಗಿಲ್ಲ, ಹೆಬ್ಬೆರಳಿನಿಂದ ಬಾಲ ಒತ್ತಿ ಹಿಡಿದರೆ ಅಲಗು ನಿಲ್ಲುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಹುಟ್ಟಿದ್ದು. ಶಾಲೆಯ ಮಕ್ಕಳು ಪೆನ್ಸಿಲು ಕೆತ್ತಲು ಅದನ್ನೇ ಕಿಸೆಯಲ್ಲಿಡುತ್ತಿದ್ದರು. ಸಮಾಜವಾದಿ ನಾಯಕ ಇನೆಜಿರೊ ಅಸಾನುಮಾ ಅವರನ್ನು 1960ರ ಅಕ್ಟೋಬರಿನಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ವೇದಿಕೆಯ ಮೇಲೆಯೇ ಇರಿದು ಕೊಂದ. ಅವನು ಬಳಸಿದ್ದು ಕಿರುಗತ್ತಿ. ಏಟು ಬಿದ್ದದ್ದು ಮಕ್ಕಳ ಪೆನ್ಸಿಲು ಚಾಕುವಿನ ಮೇಲೆ. ಮಕ್ಕಳ ಕೈಗೆ ಚಾಕು ಕೊಡಬೇಡಿ ಎಂಬ ಚಳವಳಿ ದೇಶದ ತುಂಬ ಹಬ್ಬಿತು, ಪೆನ್ಸಿಲು ಹೆರೆಯುವ ಯಂತ್ರವೂ ಬಂತು. ಮಿಕಿ ಎಂಬ ಊರಿನಲ್ಲಿ ಸಾಲುಸಾಲು ಇದ್ದ ಕುಲುಮೆಗಳಲ್ಲಿ ಈಗ ಆ ಹೆಸರಿನ ಚಾಕು ಮಾಡುವ ಹಕ್ಕಿರುವುದು ನಗಾವೊ ಮನೆತನದ ಒಂದೇ ಕುಲುಮೆಗೆ. ಅಲ್ಲಿಯ ಮುದುಕರು ಎಳವೆಯಲ್ಲಿ ಕಳೆದ ಚಾಕುವನ್ನು ನೆನೆಸಿಕೊಂಡರೆ ಅದರಲ್ಲಿ ಜೇಬು ಹರಿದದ್ದಕ್ಕಿಂತ ದೊಡ್ಡ ಸಂಕಟವಿದೆ ಎಂದು ನನಗನ್ನಿಸುತ್ತದೆ.

ಇದನ್ನು ಹೇಳಿದ್ದು ನಿನ್ನ ಅಕ್ಕನ ಮಗನ ಸಲುವಾಗಿ. ರಜೆಯಲ್ಲಿ ಬಂದಾಗ ಅವನು ನಿನ್ನ ನರ್ಸರಿಯಲ್ಲೇ ಸುತ್ತುತ್ತಿರುತ್ತಾನೆ, ಚಾಕು ಕಂಡರೆ ಸಾಕು ನಿನ್ನ ಅಕ್ಕ ಕೂಗುತ್ತಾಳೆ. ಅವಳು ಕೂಗಲಿ, ಅದು ತಾಯಿಯ ಕೆಲಸ. ನೀನು ಪಕ್ಕದಲ್ಲಿ ಕೂತು, ಅಲಗು ಯಾವಾಗಲೂ ಮೈಯಿಂದ ಆಚೆಗೆ ಹೋಗಬೇಕು ಎಂದು ಒಂದು ಹಲಸಿನ ಕಡ್ಡಿಯಲ್ಲಿ ತೋರಿಸು. ಮೊಂಡ ಚಾಕುವಿಗೆ ಬಲ ಹಾಕಬೇಕಾಗುತ್ತದೆ, ಬಲ ಹಾಕಿದಾಗಲೇ ಕೈ ಕುಯ್ಯುವುದು ಎಂಬುದನ್ನೂ ಹೇಳು. ಡಬ್ಬಿಯಲ್ಲಿ ಕೊಡಲು ತಕ್ಕದ್ದು ಒಂದೆರಡು ಇವೆ. ಚಾಕುವನ್ನು ಪುಕ್ಕಟೆ ಕೊಟ್ಟರೆ ಸಂಬಂಧ ಕಡಿಯುತ್ತದೆ ಎಂದು ಯುರೋಪಿನವರು ಹೆದರುತ್ತಾರೆ. ಅದಕ್ಕೆ ಪಡೆದವನು ಒಂದು ಚಿಲ್ಲರೆ ನಾಣ್ಯ ತಿರುಗಿ ಕೊಡುತ್ತಾನಂತೆ. ನಮ್ಮಲ್ಲಿ ಕೈಯಿಂದ ಕೈಗೆ ಕೊಡದೆ ನೆಲದ ಮೇಲಿಟ್ಟು ತೆಗೆದುಕೋ ಅನ್ನುತ್ತಾರೆ. ಎರಡನ್ನೂ ಮಾಡಿಸು, ಹುಡುಗನಿಗೆ ಗಮ್ಮತ್ತಾಗುತ್ತದೆ.

ಇನ್ನು ಕಳೆಯದ ಹಾಗೆ ನೋಡಿಕೊಳ್ಳುವ ಬಗ್ಗೆ. ಹಸಿರು, ಕಂದು, ಕಪ್ಪು ಹಿಡಿಯ ಚಾಕು ತೋಟದಲ್ಲಿ ಬಿದ್ದರೆ ಕಣ್ಣಿಗೆ ಕಾಣದು. ಹಿಡಿಯ ತುದಿಗೆ ಕೆಂಪು ಬಣ್ಣದ ಒಂದು ಪಟ್ಟಿ ಹಚ್ಚು, ಇಲ್ಲವಾದರೆ ಕಸಿ ಕಟ್ಟುವ ಬಿಳಿ ಪಟ್ಟಿಯನ್ನೇ ಸುತ್ತು. ಅಂಗಿಯ ಮೇಲ್ಜೇಬಿನಲ್ಲಿ ಚಾಕು ಇಡುವವನು ಬಗ್ಗಿದಾಗಲೆಲ್ಲ ಅರ್ಧ ಕಳೆದುಕೊಂಡಂತೆಯೇ. ಸಂಜೆ ತೋಟದಿಂದ ಹೊರಡುವಾಗ ಜೇಬು ಮುಟ್ಟಿ ನೋಡಿಕೊಳ್ಳುವುದನ್ನು ನಿನ್ನ ಅಜ್ಜ ಕಡೆಗೂ ಕಲಿಯಲಿಲ್ಲ. ನಿನಗಾದರೂ ಬರಲಿ. ಇಷ್ಟಾದ ಮೇಲೂ ಕಳೆದರೆ ಕಳೆಯಲಿ, ಅದರ ಕಥೆ ಕೇಳಲು ನಾನಿದ್ದೇನೆ.

ಈಗ ನನ್ನ ಮಾತು ಇಷ್ಟು. ಡಬ್ಬಿಯನ್ನು ಈ ಮಳೆಗಾಲ ಮುಗಿಯುವವರೆಗೆ ಮಾರಾಟಕ್ಕೆ ಇಡಬೇಡ. ಒಂದೊಂದನ್ನೂ ಬಳಸು. ಯಾವುದು ಕೈಗೆ ಹತ್ತುತ್ತದೆ, ಯಾವುದು ಹತ್ತುವುದಿಲ್ಲ ಎಂಬುದು ಬೇಸಿಗೆಯಲ್ಲಿ, ಕೆಲಸವಿಲ್ಲದ ಹೊತ್ತಿನಲ್ಲಿ, ಫೋಟೋ ನೋಡುತ್ತ ತಿಳಿಯುವ ವಿಷಯವಲ್ಲ. ದೀಪಾವಳಿ ಹೊತ್ತಿಗೆ ಬೇಡವೆನಿಸಿದ್ದನ್ನು ಮಾರು, ನಾನೇ ಗಿರಾಕಿ ಹುಡುಕಿಕೊಡುತ್ತೇನೆ. ಹೊಸ ಚಾಕುವಿಗೆ ದುಡ್ಡು ಕಡಿಮೆ ಬಿದ್ದರೆ ನನ್ನನ್ನು ಕೇಳು. ಸಸಿ ಮಾರಾಟವಾದ ಮೇಲೆ ತೀರಿಸಿದರಾಯಿತು.

ಹೊಳೆದಂಡೆಯ ‘ಅನಂತಭಟ್ಟನ ಅಪ್ಪೆ’ ಮಾವಿನ ಹಳೇ ಮರಕ್ಕೆ ವಯಸ್ಸಾಯಿತು. ಮಿಡಿ ಕೊಯ್ಯುವವರು ವರ್ಷ ವರ್ಷ ಕೊಂಬೆ ಮುರಿದು ಮುರಿದು ಒಂದು ಮಗ್ಗುಲು ಬೋಳಾಗಿದೆ. ಅದರ ಕುಡಿಯನ್ನು ಈ ಸಲ ತೆಗೆಯಲೇಬೇಕು. ಮೊದಲ ಮಳೆ ಹಿಡಿದು ಗಾಳಿಯಲ್ಲಿ ತೇವ ನಿಂತ ಮೇಲೆ ಬಾ. ಬರುವ ತಾರೀಖನ್ನು ಹತ್ತು ದಿನ ಮುಂಚೆಯೇ ತಿಳಿಸು, ಯಾಕೆಂದರೆ ಪೆನ್ಸಿಲು ದಪ್ಪದ ಕಡ್ಡಿಗಳನ್ನು ನೋಡಿ, ತೊಟ್ಟು ಉಳಿಸಿ ಎಲೆ ಸವರಿ ಬಿಡಬೇಕು. ಆಗಲೇ ಮೊಗ್ಗು ಉಬ್ಬಿ ಕಸಿಗೆ ತಯಾರಾಗುವುದು. ಬೇರುಗಿಡಗಳು ನಿನ್ನಲ್ಲಿ ಎಷ್ಟಿವೆ ಎಂದೂ ಬರೆ. ಪಟ್ಟಿ, ಟೊಪ್ಪಿಗೆಯ ಪ್ಲಾಸ್ಟಿಕ್ ಇಲ್ಲಿದೆ, ತರಬೇಡ. ಆ ಕರಿ ಹಿಡಿಯ ಚಾಕು ತಾ. ಬಹಳ ಕಾಲದಿಂದ ಮಸೆದಿಲ್ಲ, ಹೊರಡುವ ಹಿಂದಿನ ದಿನ ನುಣುಪು ಕಲ್ಲಿನ ಮೇಲೆ ನೀರು ಹಾಕಿ ಮಸೆ. ಮಸೆದ ಮಗ್ಗುಲನ್ನು ಮಾತ್ರ. ಚಪ್ಪಟೆ ಮಗ್ಗುಲನ್ನು ಕಲ್ಲಿಗೆ ಮಲಗಿಸಿ ಒಂದೇ ಒಂದು ಸಲ ಎಳೆ, ಅಂಚಿನಲ್ಲಿ ಎದ್ದ ಮುರಿ ಹೋಗುವಷ್ಟು.

ಇತಿ
ನಿನ್ನ ಸಣ್ಣಜ್ಜ